ಹೊಗಳಿದರೆ ಮುಟ್ಟಬೇಕು

ಆ ವಾರವೂ ಮನೆಗೆ ಕೊಟ್ಟ ಪಾಠ ಮಾಡದೆ ಬಂದವನು ಕಾಸಿಮಿರೊ ಒಬ್ಬನೇ. ಶಿಕಾಗೋದ ನಮ್ಮ ಇಪ್ಪತ್ತಾರನೇ ಬೀದಿಯ ಚರ್ಚಿನ ನೆಲಮಾಳಿಗೆಯಲ್ಲಿ, ಬಿಪಿ ಏರಿಸಿಕೊಂಡ ಹಿರಿಯರೆಲ್ಲ ಗುಂಡಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾತ್ರೆ ಕೊಡುವುದು ಡಾಕ್ಟರ ಕೆಲಸ, ಮನಸ್ಸು ಹಗುರ ಮಾಡುವುದು ಇಲ್ಲಿನ ಕೆಲಸ. ಹೋದ ವಾರದ ಪಾಠ ಸುಲಭದ್ದು: ಮನೆಯವರಲ್ಲಿ ನಿಮಗೆ ಮೆಚ್ಚಿಗೆಯಾದದ್ದನ್ನು ಅವರಿಗೇ ಬಾಯಿಬಿಟ್ಟು ಹೇಳಿ ಬನ್ನಿ. ಎಡುವಿಹೆಸ್ ಅಜ್ಜಿ ಸೊಸೆ ಮಾಡಿದ ಜೋಳದ ಕಡುಬು ತಮಾಲೆಯನ್ನು ಹೊಗಳಿದ್ದಳು. "ಈಗ ಏನು ಬೇಕಾಗಿತ್ತು ಅತ್ತೆ?" ಎಂದು ಸೊಸೆ ಕೇಳಿದಳಂತೆ. ಎಲ್ಲರೂ ನಕ್ಕರು, ಕಾಸಿಮಿರೊ ಮಾತ್ರ ತನ್ನ ಬೂಟು ನೋಡುತ್ತಿದ್ದ.

ಪಾಠ ನಡೆಸುವ ಮಾರಿಕ್ರೂಸ್ ಅವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದಳು. ಮುಳ್ಳು ಈ ಸಲವೂ ಮೇಲೆಯೇ ನಿಂತಿತು. ಹೀಗೇ ಆದರೆ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ಆಗಲೇ ಎಚ್ಚರಿಸಿದ್ದರು.

"ಮಾತ್ರೆ ತಗೋತಿದ್ದೀರಾ, ದೋನ್ ಕಾಸಿಮಿರೊ?"

"ತಪ್ಪದೆ."

"ಉಪ್ಪು?"

"ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಮಗಳಿಗೊಬ್ಬಳಿಗೇ ಗೊತ್ತು. ದನದ ಹಾಗೆ ಸಪ್ಪೆ ತಿಂತಿದ್ದೀನಿ."

"ಇಷ್ಟು ಕಾಳಜಿ ಮಾಡೋ ಮಗಳಿಗೆ ಒಂದು ಒಳ್ಳೆ ಮಾತು ಹೇಳ್ಬಾರದಿತ್ತಾ?"

"ನಾನು ಯಾರನ್ನೂ ಹೊಗಳಲ್ಲ."

"ಅವನ ಬಾಯಲ್ಲಿ ಒಳ್ಳೆ ಮಾತಾ? ಮರಳಿಂದ ಎಣ್ಣೆ ತೆಗೀಬಹುದು, ನೋಡು," ಎಂದಳು ಎಡುವಿಹೆಸ್, ಕಾಫಿ ಮೇಜಿನತ್ತ ಏಳುತ್ತ. ಉಳಿದವರೂ ಅವಳ ಹಿಂದೆ ಎದ್ದರು. ಸಿಹಿ ಬನ್ನು ಮುಗಿದುಹೋಗುವ ಭಯ ನಮ್ಮಲ್ಲಿ ಬಿಪಿಯ ಭಯಕ್ಕಿಂತ ದೊಡ್ಡದು.

ಇಬ್ಬರೇ ಉಳಿದಾಗ ಕಾಸಿಮಿರೊ ಅಂಗಿಯ ತೋಳು ಇಳಿಸಿಕೊಂಡ. "ನಿನಗೂ ಗೊತ್ತಲ್ಲಮ್ಮ, ಮಗು ಚೆನ್ನಾಗಿದೆ ಅಂದ್ರೆ ಕೂಡಲೇ ಮುಟ್ಟಬೇಕು."

"ಗೊತ್ತು. ಇಲ್ದಿದ್ರೆ ದೃಷ್ಟಿಯಾಗುತ್ತೆ ಅಂತಾರೆ. ನಮ್ಮಜ್ಜಿ ಬಸ್ಸಲ್ಲಿ ಕಂಡ ಮಕ್ಕಳ ಕೆನ್ನೆನೆಲ್ಲ ಮುಟ್ಕೊಂಡು ಬರೋಳು."

"ಊರಲ್ಲಿ, ಮಿಚೋಕಾನಲ್ಲಿದ್ದಾಗ ನಮಗೆ ಮೊದಲ್ನೇದು ಹೆಣ್ಣು. ಒಂದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಅಬ್ಬಾ ಎಷ್ಟು ಚಂದ ಇದ್ದಾಳೆ ಇವಳು ಅಂದೆ. ಅಷ್ಟರಲ್ಲಿ ತೋಟದ ಲಾರಿ ಹಾರ್ನ್ ಹೊಡೀತು. ಕೂಲಿ ತಪ್ಪುತ್ತೆ ಅಂತ ಓಡಿದೆ, ಮುಟ್ಟಲಿಲ್ಲ. ಆ ವಾರನೇ ಜ್ವರ ಬಂತು. ಮಗು ಉಳೀಲಿಲ್ಲ."

"ಅದು ಜ್ವರ. ನಿಮ್ಮ ಕಣ್ಣಲ್ಲ."

"ಡಾಕ್ಟ್ರೂ ಹಾಗೇ ಅಂದ್ರು," ಎಂದ ಕಾಸಿಮಿರೊ, ನಂಬದ ದನಿಯಲ್ಲಿ. "ಆಮೇಲೆ ಹುಟ್ಟಿದೋಳು ಯಾದಿರಾ. ಅವಳನ್ನ ನೆಟ್ಟಗೆ ನೋಡೋಕೂ ಹೆದರಿಕೆ."

ಮಾರಿಕ್ರೂಸ್ ವಾದಕ್ಕೆ ಇಳಿಯಲಿಲ್ಲ. ಪಟ್ಟಿ ಸುತ್ತಿ ಡಬ್ಬಿಗೆ ಹಾಕುತ್ತ ಹೇಳಿದಳು: "ಹೊಗಳಬೇಡ ಅಂತ ನಮ್ಮ ಹಿರಿಯರು ಯಾವತ್ತೂ ಹೇಳಿಲ್ಲ, ದೋನ್ ಕಾಸಿಮಿರೊ. ಹೊಗಳಿ ಮುಟ್ಟು ಅಂದಿದ್ದಾರೆ. ನೀವು ಎರಡನ್ನೂ ಬಿಟ್ರಿ."

ಹೊರಗೆ ಯಾದಿರಾ ಕಾರು ನಿಲ್ಲಿಸಿಕೊಂಡು ಕಾದಿದ್ದಳು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನೇರ ಬಂದವಳು, ತಲೆಗೆ ಕಟ್ಟಿದ ಬಲೆಯನ್ನೂ ಬಿಚ್ಚಿರಲಿಲ್ಲ. ಅವಳು ಪದವಿಯ ಕಪ್ಪು ಗೌನು ತೊಟ್ಟು ಬಂದ ದಿನ ಅಪ್ಪ ನೆಲ ನೋಡಿದ್ದ. ಸ್ವಂತ ಮನೆ ಕೊಂಡ ದಿನ ಸೋರುವ ನಲ್ಲಿಯೊಂದನ್ನು ತೋರಿಸಿದ್ದ. ತಾನು ಏನು ಮಾಡಿದರೂ ಅಪ್ಪನ ಕಣ್ಣಿಗೆ ಹಿಡಿಸುವವಳಲ್ಲ ಎಂದು ಅವಳು ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದಳು. ಆ ನೋವು ಹಳೆಯದಾಗಿತ್ತು, ಹೋಗಿರಲಿಲ್ಲ.

"ಬಿಪಿ ಎಷ್ಟಿತ್ತಪ್ಪ?"

"ಜಾಸ್ತಿ."

"ಮತ್ತೆ ಕದ್ದು ಹಂದಿ ಚರ್ಮ ಹುರಿದದ್ದು ತಿಂದ್ಯಾ? ನಿಜ ಹೇಳು."

"ಇಲ್ಲ ಅಂದ್ನಲ್ಲ."

"ನೀನು ಇನ್ನೂ ಅಂದೇ ಇರ್ಲಿಲ್ಲ."

ಬೇಕರಿ, ಮದುವೆ ಬಟ್ಟೆಯ ಅಂಗಡಿಗಳು, ಜೋಳ ಮಾರುವ ಗಾಡಿ ಕಿಟಕಿಯಾಚೆ ಹಿಂದೆ ಸರಿದವು. ಸಿಗ್ನಲಿನಲ್ಲಿ ಕೆಂಪು ದೀಪ ಬಿತ್ತು, ಕಾರು ನಿಂತಿತು.

"ಯಾದಿರಾ."

"ಹೂಂ."

"ನೀನು ಚೆನ್ನಾಗಿದ್ದೀಯ."

ಯಾದಿರಾ ಗಾಬರಿಯಿಂದ ತಿರುಗಿದಳು. "ಯಾಕಪ್ಪ? ಎದೆ ನೋಯ್ತಿದೆಯಾ? ಆಸ್ಪತ್ರೆಗೆ ತಿರುಗಿಸ್ಲಾ?"

"ಏನೂ ನೋಯ್ತಿಲ್ಲ. ಚೆನ್ನಾಗಿದ್ದೀಯ ಅಂದೆ, ಅಷ್ಟೆ. ಗೌನು ಹಾಕ್ಕೊಂಡಿದ್ಯಲ್ಲ ಅವತ್ತು, ಆವಾಗ್ಲೂ. ಆ ಮನೆ ತಗೊಂಡ್ಯಲ್ಲ, ಊರಲ್ಲಿ ಯಾರ ಮಗಳೂ ತಗೊಂಡಿಲ್ಲ." ಅವನು ಕೈಯೆತ್ತಿ, ಬಲೆ ಕಟ್ಟಿದ ಅವಳ ತಲೆಯ ಮೇಲೆ ಅಂಗೈಯನ್ನು ಪೂರ್ತಿ ಊರಿದ.

ಹಾಗೆ ಮುಟ್ಟುವುದು ಯಾಕೆಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಯಾದಿರಾಳ ಕಣ್ಣ ಮುಂದೆ ಮನೆಯ ದೇವರ ಮೂಲೆಯಲ್ಲಿರುವ, ತಾನು ಕಾಣದ ಅಕ್ಕನ ಚಿಕ್ಕ ಫೋಟೋ ಬಂತು. ಅವಳು ಕತ್ತು ಅಲುಗಿಸದೆ ಕೂತಳು.

ದೀಪ ಹಸಿರಾಯಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಕಾಸಿಮಿರೊ ಬೆಚ್ಚಿಬಿದ್ದ, ಆದರೆ ಕೈ ತೆಗೆಯಲಿಲ್ಲ. ಲಾರಿ ಇನ್ನೊಮ್ಮೆ ಕೂಗಿತು.

"ಅಪ್ಪಾ, ಲಾರಿಯೋನು ಬೈತಾನೆ. ಹೋಗ್ಬೇಕು."

"ಹಾರ್ನ್ ಹೊಡ್ಕೊಳ್ಲಿ ಬಿಡು," ಎಂದ ಕಾಸಿಮಿರೊ. "ಮುಟ್ಟಬೇಕಾದ್ದು ಇವತ್ತಿನದು ಮಾತ್ರ ಅಲ್ಲ, ತಾಯಿ. ಹಿಂದಿನದೂ ಬಹಳ ಬಾಕಿ ಉಳಿದಿದೆ."