ಹಳದಿ ಬೋರ್ಡು

ಪಟಾಕಿ ಮದ್ದಿನ ವಾಸನೆ ಬಂದರೆ ಈಗಲೂ ನನಗೆ ಯೋಕೋಹಾಮಾದಿಂದ ಅಮ್ಮ, ತಮ್ಮ, ನಾನು ರೈಲು ಹಿಡಿದು ಹೋಗಿದ್ದ ಆ ಸರ್ಕಾರಿ ಕಾಡು ನೆನಪಾಗುತ್ತದೆ.

ಕಾಲುದಾರಿ ಶುರುವಾಗುವಲ್ಲಿ ಹಳದಿ ಬೋರ್ಡಿತ್ತು. ಅಮ್ಮನಿಗೆ ಜಪಾನಿ ಬರುತ್ತಿರಲಿಲ್ಲ.

"ಏನ್ ಬರ್ದಿದೆ ಪುಟ್ಟಿ?"

ಬೇಟೆಯ ಕಾಲ, ಬಿಳಿ ಬಟ್ಟೆ ಬೇಡ, ಜಿಂಕೆಯ ಬಾಲವೆಂದು ಗುಂಡು ಬಿದ್ದೀತು ಎಂದು ಬರೆದಿತ್ತು. ತಮ್ಮನ ಕೊರಳಲ್ಲಿ ಬಿಳಿ ಟವೆಲ್ ಇತ್ತು. ಆದರೆ ನನಗೆ ಹಳ್ಳದಲ್ಲಿ ಆಡಬೇಕಿತ್ತು.

"ಕಸ ಹಾಕ್ಬೇಡಿ ಅಂತೆ."

ಹಳ್ಳದಾಚೆ ಇಬ್ಬರು ಬೇಟೆಗಾರರು ಕಾರಿಗೆ ಒರಗಿ ಬಿಯರ್ ಕುಡಿಯುತ್ತಿದ್ದರು. ಪೊದೆಯಲ್ಲಿ ಏನೋ ಬೆಳ್ಳಗೆ ಅಲುಗಿತೆಂದು ಒಬ್ಬ ಗುಂಡು ಹಾರಿಸಿಯೇಬಿಟ್ಟ. ಹಳ್ಳದ ಈಚೆ ಆ ಪೊದೆಯಲ್ಲಿ ಆಡುತ್ತಿದ್ದ ತಮ್ಮನ ಮೊಣಕಾಲು ಒಡೆಯಿತು. ಆ ಕಾಲನ್ನು ಮತ್ತೆಂದೂ ಮಡಚಲಾಗಲಿಲ್ಲ.

ಅವರು ಮೊದಲು ಬಿಯರ್ ಕ್ಯಾನುಗಳನ್ನು ಪೊದೆಗೆ ಎಸೆದರು, ಆಮೇಲೆ ಓಡಿಬಂದರು. ಗುಂಡು ಹಾರಿಸಿದವನು ನನ್ನತ್ತ ತಿರುಗಿ, "ಬೋರ್ಡ್ ಓದಲಿಲ್ವಾ?" ಎಂದು ಜಪಾನಿಯಲ್ಲಿ ರೇಗಿದ.

ವೇಲಿನಿಂದ ತಮ್ಮನ ಕಾಲನ್ನು ಒತ್ತಿ ಹಿಡಿದಿದ್ದ ಅಮ್ಮ, "ಏನಂತೆ ಅವ್ನು?" ಎಂದಳು.

"ತಪ್ಪಾಯ್ತು ಅಂತಿದಾನೆ ಅಮ್ಮ."

ತಮ್ಮನಿಗೆ ಓದಲು ಬರದಿದ್ದರೂ ಶಿಶುವಿಹಾರದಲ್ಲಿ ಕಲಿತ ಜಪಾನಿ ಮಾತು ಚೆನ್ನಾಗಿ ತಿಳಿಯುತ್ತಿತ್ತು. ಅಳು ನಿಲ್ಲಿಸಿ ನನ್ನ ಮುಖವನ್ನೇ ನೋಡಿದ. ಅಮ್ಮನಿಗೆ ಏನೂ ಹೇಳಲಿಲ್ಲ, ಇವತ್ತಿನವರೆಗೂ.