ನಾಲ್ಕು ತುಂಡಿನ ವಿಳಾಸ

ಮಹಂತೇಶ ಕರೆಗಂಟೆಗೆ ಬೆರಳು ಎತ್ತಿದ್ದ, ಅಷ್ಟರಲ್ಲಿ ಒಳಗೆ ಏಟು ಬಿತ್ತು. ಹಿಂದೆಯೇ ಒಂದು ಸ್ಟೀಲಿನ ತಟ್ಟೆ ನೆಲಕ್ಕೆ ಬಿದ್ದು ಗಿರಗಿರ ತಿರುಗಿ ಸುಮ್ಮನಾಯಿತು. ಅಳುವ ದನಿ ಬರಲಿಲ್ಲ. ಆ ಮನೆಯಲ್ಲಿ ಅದು ಬರುವುದೇ ಇಲ್ಲವೆಂದು ಅವನಿಗೆ ಗೊತ್ತಿತ್ತು. ಕೊರಳ ಲಿಂಗವನ್ನು ಅಂಗಿಯ ಮೇಲಿನಿಂದಲೇ ಮುಟ್ಟಿಕೊಂಡು ಗಂಟೆ ಒತ್ತಿದ.

ಎರಡು ಸಾವಿರದ ಏಳರ ಡಿಸೆಂಬರ್. ಗಾಜಿಯಾಬಾದಿನ ಆ ನಾಲ್ಕನೆಯ ಮಹಡಿಯ ಫ್ಲ್ಯಾಟಿಗೆ ಬ್ರಾಡ್‌ಬ್ಯಾಂಡ್ ರಿಪೇರಿಗೆಂದು ಅವನು ಬರುತ್ತಿರುವುದು ತಿಂಗಳಲ್ಲಿ ಮೂರನೆಯ ಸಲ. ಮನೆಯ ಯಜಮಾನ ಇಂದುಶೇಖರ ದೂರು ಕೊಡುವಾಗಲೆಲ್ಲ "ಆ ಕರ್ನಾಟಕದವನನ್ನೇ ಕಳಿಸಿ" ಅನ್ನುತ್ತಿದ್ದ. ಸ್ವಂತ ಭಾಷೆಯಲ್ಲಿ ಬೈಯಲು ಅವನಿಗೆ ಹೊರಗಿನವನೊಬ್ಬ ಸಿಕ್ಕಿದ್ದ.

ಒಳಗಿನ ಬೀಗ ತೆಗೆದ ಸದ್ದು. ಬಾಗಿಲು ತೆರೆಯಿತು. ಇಂದುಶೇಖರನ ಅಂಗೈಗೆ ಲ್ಯಾಪ್‌ಟಾಪಿನ ಚಾರ್ಜರ್ ವೈರು ಎರಡು ಸುತ್ತು ಸುತ್ತಿಕೊಂಡಿತ್ತು.

"ಬಾರಪ್ಪಾ ಮಹಾಶಯ. ಮತ್ತೆ ಸತ್ತಿದೆ ನಿನ್ನ ನೆಟ್ಟು. ಆಫೀಸಿನ ವಿಪಿಎನ್ ಹಿಡೀತಿಲ್ಲ. ಹನ್ನೊಂದಕ್ಕೆ ಮೀಟಿಂಗು."

ಹೆಂಡತಿ ಅಡುಗೆಮನೆಯ ಹೊಸಿಲಲ್ಲಿ ಕೂತು ಚೆಲ್ಲಿದ ಅವಲಕ್ಕಿ ಬಾಚುತ್ತಿದ್ದಳು. ತುಟಿ ಒಡೆದಿತ್ತು. ಅವಲಕ್ಕಿ ಅಲ್ಲಲ್ಲಿ ಕೆಂಪಾಗಿತ್ತು. ಬಲಗೈಯ ಎರಡು ಬೆರಳು ಚಿಂದಿ ಬಟ್ಟೆಯೊಳಗೆ ಸೊಟ್ಟಗೆ ನಿಂತಿದ್ದವು.

"ಹೋದ ಸಲ ನೀನು ಹೋದ ಮೇಲೆ ಡ್ರಾಯರಿಗೆ ಸಿಕ್ಕಿಸಿಕೊಂಡಳು," ಅಂದ ಇಂದುಶೇಖರ. "ಅಡ್ಡಕಸಬಿ."

ಆ ಹೆಂಗಸಿನ ಹೆಸರು ಮಹಂತೇಶನಿಗೆ ತಿಳಿದಿರಲಿಲ್ಲ. ಗಂಡ ಕರೆಯುತ್ತಿದ್ದುದು 'ಏಯ್' ಎಂದೇ.

ಅವನು ರೂಟರಿನ ಮುಂದೆ ಕೂತ. ಫೋನಿನ ತಂತಿ ಗೋಡೆಯಿಂದ ನೇರ ಅದಕ್ಕೇ ಬರುತ್ತಿತ್ತು, ನಡುವೆ ಫೋನು ಇಲ್ಲ. "ಬರೀ ನೆಟ್ಟು ಸಾಕು, ಮಾತಾಡೋದಕ್ಕೆ ನನ್ನ ಮೊಬೈಲಿದೆ" ಎಂದು, ಮಹಂತೇಶ ನೆಟ್ಟು ಜೋಡಿಸಲು ಬಂದ ದಿನವೇ ಇಂದುಶೇಖರ ಹೇಳಿದ್ದ. ಮೂಲೆಯ ಹಳೇ ಕಂಪ್ಯೂಟರಿಗೆ ಹೊರಗಿನ ನೆಟ್ ಬರಕೂಡದು, ಹೆಂಡತಿ ಅದರಲ್ಲಿ ಅವನ ಆಫೀಸಿನ ರಿಪೋರ್ಟು ಟೈಪ್ ಮಾಡಿ ಲ್ಯಾಪ್‌ಟಾಪಿಗೆ ದಾಟಿಸಿದರೆ ಸಾಕು ಎಂದೂ ಹೇಳಿದ್ದ. ಮಹಂತೇಶ ಆ ಕಂಪ್ಯೂಟರಿನ ಮುಂದೆಯೇ ಕೂತು, ರೂಟರಿನ ಸೆಟ್ಟಿಂಗಿನ ಪುಟ ತೆರೆದು, ಹಾಗೆಯೇ ಮಾಡಿಕೊಟ್ಟಿದ್ದ. ಅಷ್ಟು ಹೊತ್ತೂ ಅವಳು ಚಹಾ ಹಿಡಿದು ಬೆನ್ನ ಹಿಂದೆ ನಿಂತಿದ್ದಳು. ಚಹಾ ಆರಿಹೋಗಿತ್ತು.

ಈಗ ಲ್ಯಾಪ್‌ಟಾಪಿನಿಂದ ಅಂಕೆ ಹಾಕಿ ಹೊರಗಿನ ಯಂತ್ರವೊಂದನ್ನು ಕರೆದ, ಓಗೊಟ್ಟಿತು. ಹೆಸರು ಹಾಕಿ ಕರೆದ, ಮೌನ. ಜಾಲದಲ್ಲಿ ಪ್ರತಿ ಹೆಸರಿನ ಹಿಂದೆಯೂ ನಾಲ್ಕು ತುಂಡಿನ ಒಂದು ಅಂಕೆಯ ವಿಳಾಸವಿರುತ್ತದೆ. ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಎಂಬುದು ಊರಿನ ಅಂಚೆಯಣ್ಣನಿದ್ದಂತೆ. ಆ ಅಂಚೆಯಣ್ಣನ ಮನೆಯೇ ರೂಟರಿಗೆ ತಪ್ಪಾಗಿ ಗೊತ್ತಾದರೆ, ಮನೆಯಿಂದ ಆಫೀಸಿಗೆ ಜೋಡಿಸುವ ವಿಪಿಎನ್ ಆ ಆಫೀಸಿನ ಬಾಗಿಲನ್ನೇ ಕಾಣದು.

ರೂಟರಿನ ಪುಟ ತೆರೆದ. ಡಿಎನ್‌ಎಸ್ ವಿಳಾಸದ ಜಾಗದಲ್ಲಿ ಮತ್ತೆ ಅದೇ ತಪ್ಪು ಅಂಕೆ. ಮೊದಲು 94, ಚುಕ್ಕಿ, 48, ಚುಕ್ಕಿ, ಆಮೇಲೆ ಮೂರು ಮೂರು ಅಂಕೆಯ ಎರಡು ತುಂಡು. ಹಿಂದಿನ ಎರಡು ಸಲವೂ ಇದೇ.

ಹೋದ ಸಲ ಬಾಯಿತಪ್ಪಿ ಅಂದುಬಿಟ್ಟಿದ್ದ: "ಇದು ತಾನಾಗಿ ಬದಲಾಗಿಲ್ಲ ಸಾರ್, ಯಾರೋ ಕೈಯಿಂದ ಹಾಕಿದ್ದಾರೆ." ಮೆಟ್ಟಿಲು ಇಳಿಯುವ ಮೊದಲೇ ಸದ್ದು ಶುರುವಾಗಿತ್ತು. ತನ್ನ ಒಂದು ಮಾತಿಗೆ ಅವಳ ಎರಡು ಬೆರಳು ಹೋಗಿದ್ದವು. ಇವತ್ತು ಏನೇ ಆದರೂ ಅವಳ ಮೇಲೆ ತಪ್ಪು ಬರಗೊಡಬಾರದೆಂದು ದಾರಿಯಲ್ಲೇ ನಿಶ್ಚಯಿಸಿಕೊಂಡಿದ್ದ.

"ವೈರಸ್ಸು ಸಾರ್," ಅಂದ. "ಈಗೀಗ ಎಷ್ಟೋ ಮನೆಗಳಲ್ಲಿ ಹೀಗೇ. ಮನೆಯವರ ತಪ್ಪೇನಿಲ್ಲ." ಸುಳ್ಳಿಗೆ ಮನಸ್ಸಿನಲ್ಲೇ ಶಿವನ ಕ್ಷಮೆ ಕೇಳಿದ. ಅಂಕೆ ಅಳಿಸಿ ಸರಿಯಾದದ್ದು ಹಾಕಿದ. ವಿಪಿಎನ್ ಹಿಡಿಯಿತು.

ಅವಳು ನಿಟ್ಟುಸಿರು ಬಿಡುತ್ತಾಳೆಂದುಕೊಂಡಿದ್ದ. ಅವಳ ಮುಖ ದೀಪ ಆರಿದ ಗೂಡಿನಂತಾಯಿತು.

"ಆ ನಂಬರು ಬರಕೊಂಡ್ರಾ, ಅಣ್ಣಾ?" ಮೊದಲ ಸಲ ಅವಳ ದನಿ ಕೇಳಿದ. "ಕಂಪನಿಯವರು ಕೇಳಬಹುದು."

ಇಂದುಶೇಖರ ವೈರು ಬೀಸಿದ. ಅದರ ತುದಿಯ ಕರಿ ಡಬ್ಬಿ ಅವಳ ಕಿವಿಗೆ ಬಡಿಯಿತು. ಕಿವಿಯ ಹಿಂದಿನಿಂದ ರಕ್ತ ಸೆರಗಿಗೆ ಇಳಿಯಿತು.

"ನಿನ್ನನ್ನ ಕೇಳಿದೋರ್ಯಾರು? ಇನ್ನೊಂದು ಸಲ ಕೆಡಲಿ, ಆ ಕಂಪ್ಯೂಟರೂ ಇರಲ್ಲ, ನಿನ್ನ ಕೈಯೂ ಇರಲ್ಲ."

ಮಹಂತೇಶ ಎದ್ದು ಅವನ ರಟ್ಟೆ ಹಿಡಿದ. "ಸಾರ್, ಬಿಡಿ. ಸತ್ತುಹೋಗ್ತಾರೆ."

ಇಂದುಶೇಖರ ನಕ್ಕ. "ಸಾಯಲಿ, ಇನ್ನೊಬ್ಬಳು ಬರ್ತಾಳೆ. ನಿನ್ನ ಕೆಲಸ ಮುಗೀತಲ್ಲ? ಚಲೋ." ಎದೆಗೆ ಕೈಕೊಟ್ಟು ಹೊರಕ್ಕೆ ತಳ್ಳಿದ. ಬೀಗ ಬಿತ್ತು. ಒಳಗೆ ಮತ್ತೊಂದು ಏಟು, ಇನ್ನೊಂದು. ಮಹಂತೇಶ ಬಾಗಿಲು ಬಡಿದ, ಎದುರುಮನೆಯ ಗಂಟೆಯನ್ನೂ ಒತ್ತಿದ. ಎದುರುಮನೆಯಲ್ಲಿ ಟೀವಿಯ ಸದ್ದು ಜೋರಾಯಿತು.

ಕೆಳಗಿನ ಮಾರುಕಟ್ಟೆಯ ಎಸ್‌ಟಿಡಿ ಬೂತಿನಲ್ಲಿ ಪೊಲೀಸರಿಗೆ ಫೋನು ಮಾಡಿದ. ಆ ಕಡೆಯವನು ಹಿಂದಿಯಲ್ಲಿ ಕೇಳಿದ, "ಹೆಂಗಸು ನಿಮಗೇನಾಗಬೇಕು?" ಏನೂ ಆಗಬೇಕಿಲ್ಲ ಅಂದ. "ಅಚ್ಛಾ. ಹಾಗಿದ್ದರೆ ಅವಳ ಕಡೆಯವರು ಯಾರಾದರೂ ಬಂದು ದೂರು ಕೊಡಲಿ." ಲೈನು ಕಟ್ಟಾಯಿತು.

ಅವಳ ಕಡೆಯವರು. ಅವರನ್ನು ಎಲ್ಲಿಂದ ತರುವುದು? ಹೆಸರೂ ಗೊತ್ತಿಲ್ಲ.

ಅಂದು ಸೋಮವಾರ. ಸೋಮವಾರ ಅವ್ವನಿಗೆ ಫೋನು ಮಾಡುವುದು ಅವನ ರೂಢಿ. ಅವ್ವನ ದನಿಯಾದರೂ ಕೇಳೋಣವೆಂದು ದೂರಿನ ಪುಸ್ತಕ ಬಿಡಿಸಿದ. ರಟ್ಟಿನ ಒಳಮೈಯಲ್ಲಿ ಅವ್ವನ ನಂಬರು: 9448ರಿಂದ ಶುರು, ಊರ ಕಡೆಯ ಎಷ್ಟೋ ಮೊಬೈಲುಗಳಂತೆ. ಪಕ್ಕದ ಹಾಳೆಯಲ್ಲಿ, ಕಂಪನಿಯ ನಿಯಮದಂತೆ ಮೂರನೆಯ ಸಲ ಬರೆದುಕೊಂಡ ಆ ತಪ್ಪು ಅಂಕೆ.

94. 48.

ಬೆರಳು ತಾನಾಗಿ ಚುಕ್ಕಿಗಳನ್ನು ಮುಚ್ಚಿತು. ಎಣಿಸಿದ. ಹತ್ತು ಅಂಕೆ.

"ಭಯ್ಯಾ, ಇನ್ನೊಂದು ಕಾಲ್," ಅಂದ. ಮುಂದೆ ಸೊನ್ನೆ ಸೇರಿಸಿ ಆ ಹತ್ತೂ ಅಂಕೆ ಒತ್ತಿದ. ಒಂದೇ ರಿಂಗಿಗೆ ಎತ್ತಿದರು. ಗಾಜಿಯಾಬಾದಿನ ಕೋಡು ಕಂಡಿತೇನೋ, ಅವನು ಹಲೋ ಅನ್ನುವ ಮೊದಲೇ ಆ ತುದಿಯಲ್ಲಿ ವಯಸ್ಸಾದ ಹೆಂಗಸೊಬ್ಬಳ ದನಿ ಕನ್ನಡದಲ್ಲಿ ಕೇಳಿತು:

"ದೇವಕೀ, ನೀನೇನಾ ಮಗಳೇ?"