ಮುಚ್ಚಳ

ಹಿರಿಯ ಎಂಜಿನಿಯರ್ ಮೂರನೇ ಸಲವೂ ತಂಡದ ಕಿರಿಯ ಸಹೋದ್ಯೋಗಿಯ ಹೊಸ ಸಿಸ್ಟಮ್ ಕಾಲ್‌ನ, ಎಂದರೆ ಪ್ರೋಗ್ರಾಮು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಕೊಡುವ ಕರೆಯ, ವಿನ್ಯಾಸಕ್ಕೆ ಅಡ್ಡಗೆರೆ ಎಳೆದು, ಕೆಂಪು ಪೆನ್ನನ್ನು ಮುಚ್ಚಳ ಹಾಕದೆ ಮೇಜಿನ ಮೇಲೆ ಎಸೆದಾಗ ಅವಳ ಮೈ ಉರಿದುಹೋಯಿತು.

"ಅಲ್ಲ ಸಾರ್, ನಾಲ್ಕು ಸಾಲಿನ ಫೈಲು ಓದೋಕೆ ಪ್ರೋಗ್ರಾಮು ಮೂರು ಸಲ ಕರ್ನಲ್ ಬಾಗಿಲು ತಟ್ಟಬೇಕು. ತೆರೆ ಅಂತ ಒಂದ್ಸಲ, ಓದು ಅಂತ ಒಂದ್ಸಲ, ಮುಚ್ಚು ಅಂತ ಇನ್ನೊಂದ್ಸಲ. ನನ್ನ ಕಾಲ್ ಮೂರನ್ನೂ ಒಂದೇ ಏಟಿಗೆ ಮುಗಿಸುತ್ತೆ. ಏನು ತಪ್ಪಿದೆ ಅದರಲ್ಲಿ?"

"ತೆರೆದವನಿಗೆ ಮುಚ್ಚೋಕೂ ಗೊತ್ತಿರಬೇಕಮ್ಮ. ಸೋಮಾರಿಗಳಿಗೋಸ್ಕರ ಕರ್ನಲ್ ಬದಲಾಯಿಸೋಕಾಗಲ್ಲ," ಎಂದವರೇ ತಾವು ಹಿಂದಿನ ದಿನ ಬರೆದ ಪ್ರೋಗ್ರಾಮನ್ನು ಗೋಡೆಯ ಪರದೆಯಲ್ಲಿ ಓಡಿಸಿದರು. "ನೋಡು, ಸಾವಿರಾರು ಸಣ್ಣ ಫೈಲು. ಹಳೇ ದಾರೀಲೇ ಓದ್ತಿದೆ, ನೀರು ಕುಡಿದಷ್ಟು ಸುಲಭವಾಗಿ."

ಸಾವಿರ ದಾಟುತ್ತಿದ್ದಂತೆ ಎಣಿಕೆ ಗಕ್ಕನೆ ನಿಂತಿತು. ಪರದೆಯ ತುಂಬ ಒಂದೇ ದೂರು: ತೆರೆದಿಟ್ಟ ಫೈಲುಗಳು ಮಿತಿ ಮೀರಿವೆ. ಅವರ ಪ್ರೋಗ್ರಾಮು ಓದಿದ ಒಂದು ಫೈಲನ್ನೂ ಮುಚ್ಚಿರಲಿಲ್ಲ.

ಅವಳು ಎದ್ದು ಹೋಗಿ ಕೆಂಪು ಪೆನ್ನನ್ನು ಎತ್ತಿಕೊಂಡಳು. ಮುಚ್ಚಳವನ್ನು ಟಕ್ಕೆಂದು ಒತ್ತಿ ಅವರ ಮುಂದಿಟ್ಟಳು.

"ಈಗ ಹೇಳಿ ಸಾರ್, ಆ ಸೋಮಾರಿ ಯಾರು?"